20 ಸಾವಿರದೊಳಗೆ ಗಾಲಿ ಬಾರ್ ಕೌಂಟರ್: ಮೊದಲನೆಯದು ಕೈಕೊಟ್ಟಿತು, ಎರಡನೆಯದಕ್ಕೆ ಸಲಹೆ ಕೊಡಿ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬಾರ್ ಅಂದರೆ ಎಣ್ಣೆ ಅಂಗಡಿ ಅಲ್ಲ. ರಿಸೆಪ್ಷನ್, ನಾಮಕರಣ, ಗೃಹಪ್ರವೇಶಗಳಲ್ಲಿ ಇಡುವ ಮಾಕ್‌ಟೇಲ್ ಕೌಂಟರ್. ಮುರುಗಲು ಸೋಡಾ, ಶುಂಠಿ ನಿಂಬೆ, ಸೊಗದೆ ಬೇರಿನ ಶರಬತ್ತು, ಬೇಸಿಗೆಯಲ್ಲಿ ಮಾವಿನಕಾಯಿಯ ಅಪ್ಪೆಹುಳಿ. ನಮ್ಮ ಮಾವ ಅಡುಗೆ ಕಾಂಟ್ರ್ಯಾಕ್ಟರ್, ಹಾಗಾಗಿ ಆರ್ಡರ್ ಹುಡುಕಿಕೊಂಡು ಹೋಗುವ ಕಷ್ಟ ಇಲ್ಲ. ಕಷ್ಟ ಇರುವುದು ಕೌಂಟರಿನದ್ದು.

ಹೋದ ವರ್ಷ ಒಂದು ಮಾಡಿಸಿದ್ದೆ. 6 ಅಡಿ ಉದ್ದ, 2 ಅಡಿ ಅಗಲ, ಮೂರೂವರೆ ಅಡಿ ಎತ್ತರ. 18 ಎಂಎಂ ಪ್ಲೈವುಡ್ ಮೂರು ಶೀಟು ಹೋಯಿತು. ಮೇಲಿನ ಹಲಗೆಗೆ ಮನೆ ಕಟ್ಟುವಾಗ ಉಳಿದಿದ್ದ ಗ್ರಾನೈಟ್ ಬಿಟ್ಟಿ ಸಿಕ್ಕಿತು ಅಂತ ಅದನ್ನೇ ಹಾಕಿಸಿದೆ. ನೋಡಲು ಸ್ಟಾರ್ ಹೋಟೆಲಿನ ಹಾಗಿತ್ತು. ಖರ್ಚು 31 ಸಾವಿರ.

ಮೊದಲ ಆರ್ಡರ್ ಒಂದು ರಿಸೆಪ್ಷನ್. ಊಟದ ಹಾಲ್ ಮೊದಲ ಮಹಡಿಯಲ್ಲಿ. ಮೆಟ್ಟಿಲು ಅರ್ಧಕ್ಕೆ ತಿರುಗುತ್ತದೆ, ಆ ತಿರುವಿನಲ್ಲಿ ಕೌಂಟರ್ ಸಿಕ್ಕಿಹಾಕಿಕೊಂಡಿತು. ಆರು ಜನ ಹಿಡಿದಿದ್ದೆವು. ಮೇಲೂ ಹೋಗದು, ಕೆಳಗೂ ಬಾರದು. ಮದುಮಗಳ ಸೋದರಮಾವ ಮೇಲಿನ ಮೆಟ್ಟಿಲಲ್ಲಿ ನಿಂತು ‘ಎಡಕ್ಕೆ ಎಡಕ್ಕೆ’ ಅಂತ ಹತ್ತು ನಿಮಿಷ ಕೂಗಿದರು. ಕೊನೆಗೆ ಕೆಳಗೇ, ಚಪ್ಪಲಿ ಬಿಡುವ ಜಾಗದ ಪಕ್ಕ ಇಟ್ಟೆವು. ಊಟ ಮುಗಿಸಿ ಚಪ್ಪಲಿ ಹುಡುಕುವವರು ಒಂದು ಕೈಯಲ್ಲಿ ಜ್ಯೂಸ್ ಹಿಡಿದುಕೊಂಡು ಹುಡುಕುತ್ತಿದ್ದರು. ಅವತ್ತಿನಿಂದ ಮಾವ ಆ ಕೌಂಟರಿಗೆ ‘ಆನೆ’ ಅಂತ ಹೆಸರಿಟ್ಟಿದ್ದಾರೆ.

ಈಗ ಹೊಸದು ಮಾಡಬೇಕು. ಕೈಯಲ್ಲಿ 20 ಸಾವಿರ ಇದೆ. ಆನೆಯನ್ನು ಒಡೆದು ಏನಾದರೂ ಉಳಿಸಬಹುದಾ?

ವೆಲ್ಡಿಂಗ್_ಕಾಕಾ (ಹುಬ್ಬಳ್ಳಿ)

ತಮ್ಮಾ, ಗ್ರಾನೈಟ್ ಯಾಕ್ರೀ ಹಾಕಿಸಿದಿರಿ? 6 ಅಡಿ, 2 ಅಡಿ ಅಂದರೆ 12 ಚದರಡಿ. 18 ಎಂಎಂ ಕಲ್ಲು ಚದರಡಿಗೆ ನಾಲ್ಕೂವರೆ ಕೆಜಿ ಬರುತ್ತದೆ. ಕಲ್ಲೇ 54 ಕೆಜಿ ಆಯಿತು. 18 ಎಂಎಂ ಪ್ಲೈ ಒಂದು ಶೀಟು ಹತ್ತಿರ ಹತ್ತಿರ 35 ಕೆಜಿ. ಮೂರು ಶೀಟು ಸೇರಿಸಿದರೆ 160ರ ಹತ್ತಿರ ಬಂತು ನೋಡ್ರಿ. ಆನೆ ಅಂದದ್ದರಲ್ಲಿ ತಪ್ಪೇನಿಲ್ಲ.

ಬಡಗಿ ಕೈಗೆ ಕೊಟ್ಟರೆ ಅವರು ವಾರ್ಡ್‌ರೋಬ್ ಮಾಡಿದ ಹಾಗೆ ಮಾಡುತ್ತಾರೆ. ಅದು ಒಂದು ಕಡೆ ನಿಲ್ಲುವ ಸಾಮಾನು. ನಿಮ್ಮದು ದಿನಾ ಎತ್ತಿ ಇಳಿಸುವ ಸಾಮಾನು. ಭಾರ ಹೊರುವುದು ಕಬ್ಬಿಣದ ಫ್ರೇಮು, ಪ್ಲೈ ಬರೀ ಅಂಗಿ. 1 ಇಂಚು ಚೌಕ ಪೈಪು, 16 ಗೇಜ್ ತಗೊಳ್ರಿ. 20 ಅಡಿ ಉದ್ದದ್ದು 7 ಕೆಜಿ ಚಿಲ್ಲರೆ ತೂಗುತ್ತದೆ. 18 ಗೇಜ್ ಇನ್ನೂ ತೆಳು, ಹಗುರ, ಐದೂವರೆ ಕೆಜಿ. ಆದರೆ ಕೈ ಪಳಗದವರು ವೆಲ್ಡ್ ಮಾಡಿದರೆ ತೂತು ಬೀಳುತ್ತದೆ. ಆ ತೂತು ತುಂಬಿಸುವುದರಲ್ಲಿ ಅರ್ಧ ದಿನದ ಕೂಲಿ ಹೋಗುತ್ತದೆ. ಪ್ಲೈ 12 ಎಂಎಂ ಸಾಕು.

ಒಂದೇ ಪೆಟ್ಟಿಗೆ ಮಾಡಬೇಡ್ರಿ. ಎರಡು ಬದಿಗೆ ಕಾಲಿನ ಹಾಗೆ ನಿಲ್ಲುವ ಎರಡು ಕಾಲುಪೆಟ್ಟಿಗೆ, ನಡುವೆ ಒಂದು ಮುಂದಿನ ಹಲಗೆ, ಮೇಲೆ ಟಾಪು. ವಿಂಗ್ ನಟ್ ಹಾಕಿ ಕೈಯಲ್ಲೇ ಬಿಗಿಯುವ ಹಾಗಿರಲಿ. ಸ್ಪ್ಯಾನರ್ ಬೇಕಾಯಿತು ಅಂದರೆ ಒಂದಲ್ಲ ಒಂದು ದಿನ ಸ್ಪ್ಯಾನರ್ ಮನೆಯಲ್ಲಿ ಉಳಿಯುತ್ತದೆ.

ಇನ್ನೊಂದು ಮಾತು. ಡಿಸೈನ್ ಆಮೇಲೆ. ಮೊದಲು ಟೇಪು ಹಿಡಿದುಕೊಂಡು ನಿಮ್ಮೂರಿನ ನಾಲ್ಕು ಕಲ್ಯಾಣ ಮಂಟಪಕ್ಕೆ ಹೋಗಿ ಬಾಗಿಲು, ಲಿಫ್ಟು, ಮೆಟ್ಟಿಲಿನ ತಿರುವು ಅಳೆದುಕೊಂಡು ಬರ್ರಿ. ಟಾಟಾ ಏಸ್ ತೊಟ್ಟಿಯನ್ನೂ ಅಳೀರಿ. ಅದು ಸುಮಾರು 7 ಅಡಿ ಉದ್ದ, ಅಗಲ 5 ಅಡಿಗೆ ಸ್ವಲ್ಪ ಕಡಿಮೆ. ಕೌಂಟರ್ ಜೊತೆ ಐಸ್, ನೀರಿನ ಕ್ಯಾನು, ಗ್ಲಾಸು, ನೀವು ಎಲ್ಲ ಅದರಲ್ಲೇ ಹೋಗಬೇಕಲ್ಲ.

ಪೀಣ್ಯ_ಪಯಣಿಗ

ಪ್ಲೈವುಡ್ಡೇ ಯಾಕೆ ಬೇಕು ಗುರು? ಪೀಣ್ಯ ಕಡೆ ಮೆಷಿನ್ ಅಡಿಯಲ್ಲಿ ಹಲಗೆ ಚೌಕಟ್ಟಾಗಿ ಬರುವ ಪೈನ್ ಮರದ ಪ್ಯಾಲೆಟ್‌ಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಬಿಚ್ಚಿ, ಉಜ್ಜಿ, ವಾರ್ನಿಷ್ ಹೊಡೆದರೆ ಕೆಫೆ ತರಹ ಕಾಣುತ್ತದೆ. ನನ್ನ ತಮ್ಮ ಕಾಫಿ ಗಾಡಿಗೆ ಹಾಗೇ ಮಾಡಿದ.

ಆದರೆ ಹಲಗೆಯ ಮೇಲಿನ ಮುದ್ರೆ ನೋಡಿ ತಗೊಳ್ಳಿ. ಹೊರದೇಶದಿಂದ ಬಂದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿತ್ರ, ಅದರ ಪಕ್ಕ ಅಕ್ಷರಗಳು ಇರುತ್ತವೆ. ‘ಎಚ್‌ಟಿ’ ಅಂದರೆ ಹುಳ ಸಾಯಲು ಬಿಸಿ ಮಾಡಿದ ಮರ. ‘ಎಂಬಿ’ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಗ್ಯಾಸ್ ಹಾಯಿಸಿದ ಮರ. ಬಾಯಿಗೆ ಹೋಗುವ ಪದಾರ್ಥದ ಹತ್ತಿರ ಅದು ಬೇಡ. ಏನೂ ಮುದ್ರೆ ಇಲ್ಲದೆ ಎಣ್ಣೆ ಕಲೆ ಇದ್ದರೆ ಅದೂ ಬೇಡ.

ವೆಲ್ಡಿಂಗ್_ಕಾಕಾ (ಹುಬ್ಬಳ್ಳಿ)

ಪೈನ್ ಚಂದ, ಒಪ್ಪಿದೆ. ಮುಂದಿನ ಹಲಗೆಗೆ ಅಲಂಕಾರಕ್ಕೆ ಹಾಕ್ರಿ. ಟಾಪಿಗೆ ಬೇಡ. ಸಕ್ಕರೆ ಪಾಕ ಸಂದಿಗೆ ಇಳಿದರೆ ಮಾರನೇ ದಿನ ಇರುವೆಗಳ ಜಾತ್ರೆ.

ಧಕ್ಕೆ_ಮಾರಾಯ (ಮಂಗಳೂರು)

ಐಸಿಗೆ ದುಡ್ಡು ಕೊಟ್ಟು ದೊಡ್ಡ ಕೂಲರ್ ಎಲ್ಲ ತಗೊಳ್ಳಬೇಡಿ ಮಾರಾಯ್ರೆ. ನಮ್ಮಲ್ಲಿ ಧಕ್ಕೆ (ಮೀನಿನ ಬಂದರು) ಹತ್ತಿರ ಮೀನು ಸಾಗಿಸುವ ಫೈಬರ್ ಐಸ್ ಪೆಟ್ಟಿಗೆ ಹಳೆಯದು ಸಿಗುತ್ತದೆ. ಗೋಡೆ ದಪ್ಪ, ಕೆಳಗೆ ನೀರು ಬಿಡುವ ಬಿರಡೆಯೂ ಇರುತ್ತದೆ. ರಾತ್ರಿ ಹಾಕಿದ ಐಸ್ ಮಾರನೇ ಮಧ್ಯಾಹ್ನಕ್ಕೂ ಇರುತ್ತದೆ.

ಬೆಣ್ಣೆದೋಸೆ_77

ಮದುವೆ ಮನೆಯಲ್ಲಿ ಬಂಗುಡೆ ಮೊಹಿಟೊ. ಹೊಸ ಐಟಂ.

ಧಕ್ಕೆ_ಮಾರಾಯ (ಮಂಗಳೂರು)

ತೊಳೆದರೆ ಹೋಗುತ್ತದೆ ಅಂತ ಹೇಳಲು ಬಂದೆ. ಈಗ ಹೆಂಡತಿಯನ್ನು ಕೇಳಿದೆ. ಹೋಗುವುದಿಲ್ಲವಂತೆ. ಸಲಹೆ ವಾಪಸ್.

ಶರಬತ್ತಕ್ಕ (ಮೈಸೂರು)

ನಾನೂ ತಂಗಿಯೂ ನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇವೆ. ಎಲ್ಲರೂ ಮರ, ಕಬ್ಬಿಣ ಅಂತ ಮಾತಾಡುತ್ತಿದ್ದೀರಿ. ಕೌಂಟರಿನ ಹಿಂದೆ ನಾಲ್ಕು ಗಂಟೆ ನಿಲ್ಲುವವರ ಬೆನ್ನಿನ ಬಗ್ಗೆ ಯಾರೂ ಕೇಳಲಿಲ್ಲ.

ಅತಿಥಿ ಕಡೆ 42 ಇಂಚು ಎತ್ತರ ಸರಿ, ಮೊಣಕೈ ಊರಿ ನಿಲ್ಲುತ್ತಾರೆ. ಆದರೆ ಅದೇ ಎತ್ತರದಲ್ಲಿ ನಿಂಬೆ ಹಿಂಡಲು ಆಗುವುದಿಲ್ಲ. ನಾನು 5 ಅಡಿ 2 ಇಂಚು, ಮೊದಲ ತಿಂಗಳು ಭುಜ ಬಿದ್ದೇ ಹೋಗಿತ್ತು. ಒಳಗಡೆ ಕೆಲಸದ ಹಲಗೆ 36 ಇಂಚಿನಲ್ಲಿ ಇರಲಿ. ಮುಂದಿನ 42 ಇಂಚಿನ ಪಟ್ಟಿ ಸುಮ್ನೆ 8 ಇಂಚು ಅಗಲ ಇದ್ದರೆ ಸಾಕು. ನಿಮ್ಮ ಗಲೀಜೂ ಅದರ ಹಿಂದೆ ಮುಚ್ಚಿಹೋಗುತ್ತದೆ.

ಐಸಿನ ಲೆಕ್ಕ ಹೇಳುತ್ತೇನೆ. 300 ಎಂಎಲ್ ಗ್ಲಾಸಿಗೆ ಸರಿಯಾಗಿ ತುಂಬಿದರೆ 150 ಗ್ರಾಂ ಐಸ್ ಹೋಗುತ್ತದೆ. 200 ಜನ, ತಲಾ ಒಂದೂವರೆ ಗ್ಲಾಸು ಅಂದರೆ 300 ಗ್ಲಾಸು, 45 ಕೆಜಿ. ಇದು ಗ್ಲಾಸಿಗೆ ಮಾತ್ರ. ಬಾಟಲಿಗಳನ್ನೂ ಅಲ್ಲೇ ತಣ್ಣಗೆ ಮಾಡುತ್ತೇನೆ ಅಂದರೆ ಸತ್ತಿರಿ. ಬಿಸಿಲಲ್ಲಿ ಬಂದ 60 ಲೀಟರ್ ಸೋಡಾ ತಣ್ಣಗಾಗಲು ಇನ್ನೂ 17, 18 ಕೆಜಿ ಐಸ್ ಕರಗಬೇಕು. ಹಿಂದಿನ ರಾತ್ರಿಯೇ ಅಡುಗೆ ಮನೆಯ ಫ್ರಿಜ್ಜಿನಲ್ಲಿ ಜಾಗ ಕೇಳಿ ಇಟ್ಟುಬಿಡಿ. ಹೂವಿನವರು ಮೊದಲು ಬಂದು ಫ್ರಿಜ್ ತುಂಬಿಸುತ್ತಾರೆ, ಅವರಿಗಿಂತ ಮುಂಚೆ ಹೋಗಿ.

ಐಸ್ ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. ದೊಡ್ಡ ಬ್ಲಾಕ್ ಐಸ್ ಅಗ್ಗ ಅಂತ ಒಡೆದು ಗ್ಲಾಸಿಗೆ ಹಾಕಬೇಡಿ. ಅದು ಸಾಮಾನು ಕೆಡದಂತೆ ಇಡಲು ಮಾಡಿದ್ದು, ಕುಡಿಯುವ ನೀರಿನದ್ದೇ ಆಗಿರಬೇಕಿಲ್ಲ. 2018ರಿಂದ ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಸೇರಿಸಬೇಕು ಅಂತ ಕೇಂದ್ರದ ಆಹಾರ ಸುರಕ್ಷತೆ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಎಲ್ಲರೂ ಸೇರಿಸುತ್ತಾರಾ ಅಂತ ನನ್ನನ್ನು ಕೇಳಬೇಡಿ. ನಾವು ಪ್ಯಾಕೆಟ್ ಕ್ಯೂಬ್ ಮಾತ್ರ ತಗೊಳ್ಳುತ್ತೇವೆ.

ಹೊಗೆ ಬರುವ ಡ್ರಿಂಕ್ ಬೇಕು ಅಂತ ಹುಡುಗನ ಕಡೆಯ ಫ್ರೆಂಡ್ಸ್ ಕೇಳೇ ಕೇಳುತ್ತಾರೆ. ಖಂಡಿತ ಆಗಲ್ಲ ಅನ್ನಿ. ಬೆಂಗಳೂರಿನಲ್ಲಿ ಒಂದು ರಿಸೆಪ್ಷನ್‌ನಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಹುಡುಗಿಗೆ ಹೊಟ್ಟೆಯಲ್ಲಿ ತೂತಾಗಿ ಆಪರೇಷನ್ ಮಾಡಬೇಕಾಯಿತು. ದಾವಣಗೆರೆಯಲ್ಲಿ ಹೊಗೆ ಬಿಸ್ಕತ್ ತಿಂದು ಒದ್ದಾಡಿದ ಮಗುವಿನ ವಿಡಿಯೊ ನೀವೂ ನೋಡಿರುತ್ತೀರಿ. 2024ರ ಮೇನಲ್ಲಿ ರಾಜ್ಯದಲ್ಲಿ ಹೀಗೆ ಹೊಗೆ ಬರಿಸಲು ತಿಂಡಿಗೆ ದ್ರವ ಸಾರಜನಕ ಹಾಕುವುದನ್ನೇ ನಿಷೇಧಿಸಿದರು.

ಪ್ಲಾಸ್ಟಿಕ್ ಸ್ಟ್ರಾ, ಕಲಕುವ ಕಡ್ಡಿ, ಪ್ಲಾಸ್ಟಿಕ್ ಲೋಟ 2022ರ ಜುಲೈ 1ರಿಂದ ಬಂದ್. ಪೇಪರ್ ಸ್ಟ್ರಾ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ನಾವು ಸ್ಟ್ರಾ ಕೊಡುವುದನ್ನೇ ಬಿಟ್ಟೆವು, ಯಾರೂ ಕೇಳಲಿಲ್ಲ.

ತುಂಗಾತೀರ (ಶಿವಮೊಗ್ಗ)

ಅಕ್ಕ, ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ಲೈಸೆನ್ಸ್ ಏನಾದರೂ ಬೇಕಾ? ಗ್ಲಾಸು ತೊಳೆಯುವ ನೀರಿಗೆ ಏನು ಮಾಡುತ್ತೀರಿ?

ಶರಬತ್ತಕ್ಕ (ಮೈಸೂರು)

ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳಿ. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಫೀಸು, ಆನ್‌ಲೈನ್‌ನಲ್ಲೇ ಆಯಿತು. ದುಡ್ಡು ಇಸಿದುಕೊಂಡು ಮಾಡಿಸಿಕೊಡುತ್ತೇವೆ ಅನ್ನುವವರ ಕೈಗೆ ಬೀಳಬೇಡಿ.

ನೀರಿಗೆ 20 ಲೀಟರ್ ಕ್ಯಾನು. ಕೊಳೆ ನೀರಿನ ಬಕೆಟ್ ಅದಕ್ಕಿಂತ ದೊಡ್ಡದಿರಲಿ, 25 ಲೀಟರಿನದ್ದು. ಐಸ್ ಕರಗಿದ ನೀರೂ ಅದಕ್ಕೇ ಬರುತ್ತದೆ ಅಲ್ವಾ? ನಮ್ಮ ಬಕೆಟ್ ಒಂದು ಸಲ ತುಂಬಿ ಚೆಲ್ಲಿ, ಪಕ್ಕದಲ್ಲಿ ಚಾಟ್ ಕೊಡುತ್ತಿದ್ದವರ ಜಮಖಾನೆ ಕೆಳಗೆ ನುಗ್ಗಿತು. ಇವತ್ತಿಗೂ ಅವರು ನಮ್ಮ ಹತ್ತಿರ ಮಾತಾಡುವುದಿಲ್ಲ.

ಹಳೇಬಸ್‌ಸ್ಟ್ಯಾಂಡ್

ಇಷ್ಟೆಲ್ಲ ಕಷ್ಟಪಟ್ಟು ನಿಂಬೆ ಶರಬತ್ತಾ? ಅದರಲ್ಲೇ ಎರಡು ಬಾಟಲಿ ಎಣ್ಣೆ ಇಟ್ಟರೆ ದುಡ್ಡು ಜಾಸ್ತಿ ಅಲ್ವಾ?

ಕಾಫಿತೋಟ (ವಿರಾಜಪೇಟೆ)

ಎರಡು ಬಾಟಲಿ ಇಟ್ಟರೆ ದುಡ್ಡಿಗಿಂತ ಮೊದಲು ಅಬಕಾರಿಯವರು ಬರುತ್ತಾರೆ.

ನಮ್ಮ ಕೊಡಗಿನ ಮದುವೆಗಳಲ್ಲಿ ಬಾರ್ ಕೌಂಟರ್ ಮಾಮೂಲು. ನಾನು ಕೌಂಟರ್ ಬಾಡಿಗೆಗೆ ಕೊಡುತ್ತೇನೆ. ಮದುವೆ ಮನೆಯವರು ತಮ್ಮ ಹೆಸರಿನಲ್ಲಿ ಆ ದಿನಕ್ಕೆ, ಆ ಜಾಗಕ್ಕೆ ಸಿಎಲ್-5 ತೆಗೆದುಕೊಳ್ಳುತ್ತಾರೆ. ಸಮಾರಂಭಕ್ಕೆ ಕೊಡುವ ತಾತ್ಕಾಲಿಕ ಲೈಸೆನ್ಸ್ ಅದು. ಸಿಎಲ್-9 ಬಾರಿನವರಿಗೆ, ಸಿಎಲ್-7 ವಸತಿ ಇರುವ ಹೋಟೆಲಿನವರಿಗೆ. ಅವೆರಡಕ್ಕೂ ಗಾಲಿ ಕೌಂಟರಿಗೂ ಸಂಬಂಧ ಇಲ್ಲ. ಲೈಸೆನ್ಸ್ ಕಾಗದ ಕೈಗೆ ಬರುವವರೆಗೆ ನಾನು ಗಾಡಿ ಹೊರಡಿಸುವುದಿಲ್ಲ. ಅಕ್ಟೋಬರ್ 2ಕ್ಕೆ ಬುಕಿಂಗ್ ಕೇಳಿದರೆ ಶರಬತ್ತಿಗೆ ಮಾತ್ರ ಬರುತ್ತೇನೆ ಅನ್ನುತ್ತೇನೆ.

ತುಂಗಾತೀರ ಅವರೇ, ಕೌಂಟರಿನ ವಿಷಯಕ್ಕೆ ನನ್ನದೊಂದು ಮಾತು. ಕುಡಿದವರಿರಲಿ, ಕುಡಿಯದವರಿರಲಿ, ಜನ ಕೌಂಟರ್ ಮೇಲೆ ಒರಗುತ್ತಾರೆ. ಮುಂದಿನ ಪಟ್ಟಿ ಹೊರಗೆ ಚಾಚಿಕೊಂಡಿದ್ದು, ಇಡೀ ಕೌಂಟರ್ ಹಗುರವಾಗಿದ್ದರೆ ಅತಿಥಿ ಕಡೆಗೇ ಮಗುಚಿಕೊಳ್ಳುತ್ತದೆ. ನೀರಿನ ಕ್ಯಾನು, ಐಸ್ ಪೆಟ್ಟಿಗೆ ಎರಡನ್ನೂ ಕೆಳಗೆ, ನೀವು ನಿಲ್ಲುವ ಕಡೆ ಇಡಿ. ಖಾಲಿ ಇದ್ದಾಗ ಹಗುರ, ನಿಂತ ಮೇಲೆ ಭಾರ. ಹಾಗಿರಬೇಕು.

ಫ್ಯೂಸ್_ಹೋಯ್ತು (ತುಮಕೂರು)

ಲೈಟ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ಪೇ ಹಾಕಿ. 230 ವೋಲ್ಟಿನ ರೋಪ್ ಲೈಟ್ ಬೇಡವೇ ಬೇಡ. ನೀರು, ಕಬ್ಬಿಣದ ಫ್ರೇಮು, ಒದ್ದೆ ಕೈ ಮೂರೂ ಒಂದೇ ಕಡೆ ಇರುತ್ತವೆ. ಮಂಟಪದ ವೈರಿಂಗಿಗೆ ಅರ್ಥಿಂಗ್ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಅಡಾಪ್ಟರ್ ಕೌಂಟರಿನೊಳಗೆ ಇಡದೆ ಗೋಡೆ ಹತ್ತಿರ ಎತ್ತರದಲ್ಲಿ ಇಡಿ, ಅಲ್ಲಿಂದ ಬರೀ 12 ವೋಲ್ಟಿನ ವೈರ್ ಬರಲಿ. ಮಿಕ್ಸಿ ತಂದರೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಇರುವ ಒಂದು ಬೋರ್ಡ್ ನೀವೇ ಒಯ್ಯಿರಿ.

ಅಡಾಪ್ಟರ್ ಲೆಕ್ಕವೂ ನೋಡಿ. ಮೀಟರಿಗೆ 60 ಬಲ್ಬಿನ 5050 ನಮೂನೆಯ ಸ್ಟ್ರಿಪ್ 14 ವ್ಯಾಟ್‌ಗೂ ಸ್ವಲ್ಪ ಜಾಸ್ತಿ ಎಳೆಯುತ್ತದೆ. 5 ಮೀಟರ್ ಸುತ್ತಿದರೆ 72 ವ್ಯಾಟ್. ಅಂಗಡಿಯವನು ಕೊಡುವುದು 5 ಆಂಪಿನ ಅಡಾಪ್ಟರ್, ಅಂದರೆ 60 ವ್ಯಾಟ್. ಅರ್ಧ ಗಂಟೆಗೆ ಇಡ್ಲಿ ಪಾತ್ರೆ ತರಹ ಬಿಸಿಯಾಗುತ್ತದೆ. ಸ್ಟ್ರಿಪ್ 3 ಮೀಟರಿಗೆ ಕತ್ತರಿಸಿ, ಅದೇ ಅಡಾಪ್ಟರ್ ಆರಾಮಾಗಿ ನಡೆಯುತ್ತದೆ.

ಮಂಡ್ಯದ_ಮ್ಯಾಂಚೆಸ್ಟರ್

ಇಲ್ಲಿ ಇಂಗ್ಲೆಂಡಿನಲ್ಲಿ ಕುದುರೆ ಸಾಗಿಸುವ ಹಳೇ ಟ್ರೈಲರ್ ತೆಗೆದುಕೊಂಡು, ಪಕ್ಕದ ಗೋಡೆ ಕೊಯ್ದು ಬಾರ್ ಮಾಡುವುದು ದೊಡ್ಡ ಫ್ಯಾಷನ್. ನನ್ನ ಆಫೀಸಿನವನೊಬ್ಬ ಮಾಡಿದ. ಟ್ರೈಲರ್ ಅಗ್ಗಕ್ಕೆ ಸಿಕ್ಕಿತು, ನೆಲ ಕೊಳೆತಿತ್ತು, ರಿಪೇರಿಗೆ ಟ್ರೈಲರಿಗಿಂತ ಜಾಸ್ತಿ ಹೋಯಿತು. ಒಂದು ಸಮಾರಂಭಕ್ಕೆ ಮದ್ಯ ಕೊಡುವ ಪರವಾನಗಿ ಮಾತ್ರ ಸುಲಭ. ಕೌನ್ಸಿಲ್‌ಗೆ 21 ಪೌಂಡ್ ಕಟ್ಟಿ ಹತ್ತು ಕೆಲಸದ ದಿನ ಮುಂಚೆ ನೋಟಿಸ್ ಕೊಡಬೇಕು. ಒಂದೇ ಹೊತ್ತಿಗೆ 499 ಜನಕ್ಕಿಂತ ಜಾಸ್ತಿ ಇರುವಂತಿಲ್ಲ, ಅವರಲ್ಲಿ ಕೆಲಸದವರೂ ಸೇರುತ್ತಾರೆ. ನಮ್ಮೂರಿನ ಬೀಗರೂಟಕ್ಕೆ ಈ ಲೆಕ್ಕ ಸಾಲುವುದಿಲ್ಲ ಬಿಡಿ.

ಹಳೇಬಸ್‌ಸ್ಟ್ಯಾಂಡ್

ಹಾಗಾದರೆ ಹಳೇ ಆಟೊವನ್ನೇ ಕೌಂಟರ್ ಮಾಡಿದರೆ?

ಕಾಫಿತೋಟ (ವಿರಾಜಪೇಟೆ)

ಓಡುವ ವಾಹನದ ಬಾಡಿ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬರುತ್ತದೆ, ಆರ್‌ಟಿಒ ಒಪ್ಪಿಗೆ ಬೇಕು. 20 ಸಾವಿರದಲ್ಲಿ ಆಗುವ ಮಾತಲ್ಲ.

ತುಂಗಾತೀರ (ಶಿವಮೊಗ್ಗ)

ಐದು ವಾರ ಆಯಿತು. ಕೌಂಟರ್ ರೆಡಿ!

ಕಾಕಾ ಹೇಳಿದ ಹಾಗೆ ಮೊದಲು ಟೇಪು ಹಿಡಿದು ಆರು ಮಂಟಪ ಸುತ್ತಿದೆ. ಒಂದು ಕಡೆ ವಾಚ್‌ಮನ್ ನನ್ನನ್ನು ಕಾರ್ಪೊರೇಷನ್‌ನವನು ಅಂದುಕೊಂಡು ಮ್ಯಾನೇಜರನ್ನೇ ಕರೆದ. ಎಲ್ಲಕ್ಕಿಂತ ಕಿರಿದಾದ ಬಾಗಿಲು 30 ಇಂಚು. ಆದ್ದರಿಂದ ಯಾವ ಭಾಗವೂ 24 ಇಂಚಿಗಿಂತ ಅಗಲ ಇರಬಾರದು ಅಂತ ಗೆರೆ ಎಳೆದುಕೊಂಡೆ.

ಲೆಕ್ಕ ಕೇಳಿ. ಚೌಕ ಪೈಪು ಐದು ಉದ್ದಕ್ಕೆ 2,700. ನೀರು ತಡೆಯುವ 12 ಎಂಎಂ ಪ್ಲೈ ಎರಡು ಶೀಟು 5,800. ವೆಲ್ಡರ್‌ಗೆ ಎರಡು ದಿನದ ಕೂಲಿ 2,600. ನಾಲ್ಕಿಂಚಿನ ಗಾಲಿ ನಾಲ್ಕಕ್ಕೆ 1,200. ಸನ್ಮೈಕಾ 1,200. ರೆಡ್ ಆಕ್ಸೈಡ್, ಪೇಂಟು 450. ಸ್ಟ್ರಿಪ್ಪು, ಅಡಾಪ್ಟರ್ 600. ಗುಜರಿಯಲ್ಲಿ ಸ್ಟೀಲ್ ಸಿಂಕ್ 500. ಹಿಂಜಸ್, ನಟ್ಟು ಬೋಲ್ಟು 700. ನಲ್ಲಿ, ಪೈಪು 350. ಒಟ್ಟು 16,100. ಬಡಗಿ ಕೆಲಸ ನಾನೇ ಮಾಡಿದೆ. ಒಂದು ಕಡೆ ಸನ್ಮೈಕಾ ಗುಳ್ಳೆ ಎದ್ದಿದೆ, ಅಲ್ಲಿ ಮೆನು ಬೋರ್ಡ್ ನಿಲ್ಲಿಸುತ್ತೇನೆ.

ಆನೆಯನ್ನು ಒಡೆದಾಗ 18 ಎಂಎಂ ಹಲಗೆಗಳು ಚೆನ್ನಾಗಿಯೇ ಬಂದವು. ಅತ್ತೆ ದಿನಸಿ ಸ್ಟ್ಯಾಂಡ್ ಮಾಡಿಸಿಕೊಂಡರು. ಗ್ರಾನೈಟ್ ಮಾವನ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ.

ರೇಷನ್ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಎರಡು ಕಾಲುಪೆಟ್ಟಿಗೆ 31 ಕೆಜಿ, 30 ಕೆಜಿ. ಟಾಪು, ಮುಂದಿನ ಹಲಗೆ ಎರಡೂ ಸೇರಿ 27.

ವೆಲ್ಡಿಂಗ್_ಕಾಕಾ (ಹುಬ್ಬಳ್ಳಿ)

ಭೇಷ್! ಪೈಪಿನ ತುದಿಗೆ ಮುಚ್ಚಳ ಹಾಕಿಸಿದಿರಿ ತಾನೆ? ಇಲ್ಲದಿದ್ದರೆ ನೀರು ಒಳಗೆ ಇಳಿದು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ತುಂಗಾತೀರ (ಶಿವಮೊಗ್ಗ)

ಹಾಕಿಸಿದೆ ಕಾಕಾ. ನಿನ್ನೆ ಮೊದಲ ಆರ್ಡರ್ ಮುಗಿಯಿತು, ಅದೇ ಮಂಟಪ! ನಾನು, ತಂಗಿಯ ಗಂಡ ಇಬ್ಬರೇ ಎರಡು ಸುತ್ತಿನಲ್ಲಿ ಮೇಲೆ ಒಯ್ದೆವು. ಜೋಡಿಸಲು 14 ನಿಮಿಷ. 180 ಜನ, ಐಸ್ 50 ಕೆಜಿ ಒಯ್ದಿದ್ದು ಕೊನೆಗೆ ಒಂದು ಬಕೆಟ್ ಉಳಿಯಿತು. ಎಲ್ಲಕ್ಕಿಂತ ಮೊದಲು ಖಾಲಿ ಆಗಿದ್ದು ಮುರುಗಲು ಸೋಡಾ. ನಾನು ತುಂಬಾ ನಂಬಿದ್ದ ಬ್ಲೂ ಬಣ್ಣದ ಡ್ರಿಂಕನ್ನು ಮಕ್ಕಳು ಬಿಟ್ಟು ಯಾರೂ ಮುಟ್ಟಲಿಲ್ಲ.

ಒಂದು ತೊಂದರೆ ಆಯಿತು. ಆ ಊಟದ ಹಾಲ್‌ನ ನೆಲ ಸಮ ಇಲ್ಲ. ನಾಲ್ಕರಲ್ಲಿ ಒಂದು ಗಾಲಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಬ್ರೇಕ್ ಹಾಕಿದರೂ, ನಿಂಬೆ ಹಿಂಡಿದಾಗಲೆಲ್ಲ ಕೌಂಟರ್ ಟಕ್ ಟಕ್ ಅನ್ನುತ್ತಿತ್ತು. ಲಗ್ನಪತ್ರಿಕೆ ಮಡಚಿ ಗಾಲಿ ಕೆಳಗೆ ಇಟ್ಟೆ. ಅದನ್ನು ಮದುಮಗನ ಅಜ್ಜಿ ನೋಡಿಬಿಟ್ಟರು. ‘ಲಕ್ಷ್ಮಿ ಇರೋ ಪತ್ರಿಕೆನ ಕಾಲ ಕೆಳಗೆ ಇಡ್ತೀಯಾ’ ಅಂತ ಎಲ್ಲರ ಎದುರಿಗೆ ಬೈದರು. ಆಮೇಲೆ ಅವರೇ ಎರಡು ಗ್ಲಾಸು ಅಪ್ಪೆಹುಳಿ ಕುಡಿದು ಸಮಾಧಾನ ಆದರು.

ವೆಲ್ಡಿಂಗ್_ಕಾಕಾ (ಹುಬ್ಬಳ್ಳಿ)

ಪ್ರತಿ ಕಾಲಿನ ಪಕ್ಕ 12 ಎಂಎಂ ನಟ್ ಒಂದನ್ನು ವೆಲ್ಡ್ ಮಾಡಿಸ್ರಿ. ಅದಕ್ಕೆ 5 ಇಂಚಿನ ಬೋಲ್ಟು, ತಲೆ ಕೆಳಗೆ ಬರುವ ಹಾಗೆ. ತಲೆಯ ಮೇಲೆ ಅಡ್ಡಕ್ಕೆ ಒಂದು ಸಣ್ಣ ಸರಳು ಹಚ್ಚಿಸಿದರೆ ಕೈಯಲ್ಲೇ ತಿರುಗುತ್ತದೆ. ಕೌಂಟರ್ ಜಾಗಕ್ಕೆ ಬಂದ ಮೇಲೆ ಬೋಲ್ಟ್ ಇಳಿಸಿದರೆ ಗಾಲಿ ನೆಲ ಬಿಟ್ಟು ಏಳುತ್ತದೆ. ಎಷ್ಟು ಬೇಕೋ ಅಷ್ಟು ತಿರುಗಿಸಿದರೆ ಸಮ ಆಗುತ್ತದೆ. ನಾಲ್ಕಕ್ಕೂ ಸೇರಿ 200 ರೂಪಾಯಿ ಒಳಗೇ ಆಗುತ್ತದೆ. ತಲೆಗೆ ರಬ್ಬರ್ ಬುಷ್ ಹಾಕುವುದನ್ನು ಮರೆಯಬೇಡ್ರಿ, ಇಲ್ಲದಿದ್ದರೆ ಮಂಟಪದವರು ಟೈಲ್ಸ್ ದುಡ್ಡು ಹಿಡಿದುಕೊಳ್ಳುತ್ತಾರೆ.

ಶರಬತ್ತಕ್ಕ (ಮೈಸೂರು)

ಅಪ್ಪೆಹುಳಿಗೆ ಒಗ್ಗರಣೆ ಅಲ್ಲೇ ಕೊಡುತ್ತೀರಾ, ಮನೆಯಿಂದ ಮಾಡಿ ಒಯ್ಯುತ್ತೀರಾ? ನಮ್ಮ ಕಡೆ ಯಾರೂ ಇಟ್ಟಿಲ್ಲ, ಒಂದು ಸಲ ಇಟ್ಟು ನೋಡೋಣ ಅಂತ.

ತುಂಗಾತೀರ (ಶಿವಮೊಗ್ಗ)

ಮಾವಿನಕಾಯಿ ಬೇಯಿಸಿ, ಕಿವುಚಿ, ಗಟ್ಟಿ ರಸ ಮಾಡಿ ಮನೆಯಿಂದಲೇ ಒಯ್ಯುವುದು ಅಕ್ಕ. ಅಲ್ಲಿ ತಣ್ಣೀರು, ಉಪ್ಪು, ಚೂರು ಬೆಲ್ಲ ಹಾಕುತ್ತೇವೆ. ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆಯನ್ನು ಸಣ್ಣ ಡಬ್ಬಿಯಲ್ಲಿ ಬೇರೆ ಇಟ್ಟುಕೊಂಡು ಗ್ಲಾಸಿಗೆ ಅರ್ಧ ಚಮಚ ಬಿಡುವುದು. ಮೊದಲೇ ಬೆರೆಸಿ ಐಸ್ ಹಾಕಿದರೆ ಎಣ್ಣೆ ಮೇಲೆ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ. ಕೊಬ್ಬರಿ ಎಣ್ಣೆ ಅಂತೂ ಬೇಡವೇ ಬೇಡ.

ಕಾಕಾ, ನಾಳೆ ಬೆಳಿಗ್ಗೆಯೇ ವೆಲ್ಡರ್ ಹತ್ತಿರ ಹೋಗುತ್ತೇನೆ. ಭಾನುವಾರ ಇನ್ನೊಂದು ನಾಮಕರಣ ಇದೆ, ಅದು ಮೂರನೇ ಮಹಡಿ. ಲಿಫ್ಟ್ ಇದೆ ಅಂದಿದ್ದಾರೆ. ನಾನು ಆಗಲೇ ಹೋಗಿ ಅಳೆದುಕೊಂಡು ಬಂದೆ.